ಚಿಲ್ಲರೆಯಲ್ಲಿ ಸಿಕ್ಕಿದ ಒಲಿಂಪಿಕ್ಸ್

ಹೋದ ಸಂಚಿಕೆಯಲ್ಲಿ ಕೆನಡಾದ ಒಂದು 25 ಸೆಂಟ್ ನಾಣ್ಯದ ಫೋಟೋ ಹಾಕಿದ್ವಿ, ಮಂಜಿನ ಮೇಲೆ ಸ್ಕೀ ಮಾಡೋ ಆಟಗಾರನ ಚಿತ್ರ ಇರೋದು. ಅದನ್ನ ನೋಡಿ ನಮ್ಮತ್ರನೂ ಇಂಥದೇ ಇದೆ, ಇದ್ರ ಕಥೆ ಏನು ಅಂತ ಕೇಳಿ ಬಹಳ ಜನ ಬರೆದಿದ್ದೀರಿ. ಅದಕ್ಕೇ ಈ ಸಲದ ಅಂಕಣ ಪೂರ್ತಿ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ನಾಣ್ಯಗಳಿಗೇ.

ಪ್ರಶ್ನೆ: ಮಗಳು ಅಳಿಯ ಕ್ಯಾಲ್ಗರಿಯಿಂದ ರಜಕ್ಕೆ ಬಂದಿದ್ರು, ವಾಪಸ್ ಹೋಗೋವಾಗ ಮೊಮ್ಮಗ ಒಂದು ಹಿಡಿ ಚಿಲ್ಲರೆ ನನ್ನ ಕೈಗೆ ಹಾಕಿ ಅಜ್ಜಿ ನೀನೇ ಇಟ್ಕೋ ಅಂದ. ಅದ್ರಲ್ಲಿ ಒಂದ್ರ ಮೇಲೆ ಯಾರೋ ಬಗ್ಗಿ ದುಂಡನೆ ಕಲ್ಲು ತಳ್ತಿದಾರೆ, ಕಲ್ಲಿಗೆ ಹಿಡಿಕೆ ಬೇರೆ ಇದೆ. ಇನ್ನೊಂದು ಕಡೆ ರಾಣಿ ಮುಖ, 2007 ಅಂತ ಇದೆ. ಇದು ದುಡ್ಡಾ ಅಥವಾ ಆಟದಲ್ಲಿ ಗೆದ್ದೋರಿಗೆ ಕೊಡೋ ಬಿಲ್ಲೆನಾ? (ದಾವಣಗೆರೆಯ ಓದುಗರು)

ಉತ್ತರ: ದುಡ್ಡೇ ಅಮ್ಮ, ಅಪ್ಪಟ ದುಡ್ಡು. ಕೆನಡಾದ 25 ಸೆಂಟ್, ಅಲ್ಲಿನವರು ಕ್ವಾರ್ಟರ್ ಅಂತಾರೆ. ನಮ್ಮ ಲೆಕ್ಕದಲ್ಲಿ ಹದಿನೈದು ರೂಪಾಯಿ ಆಸುಪಾಸು. ಇವತ್ತಿಗೂ ಅಲ್ಲಿ ಯಾವ ಅಂಗಡಿಗೆ ಹೋದ್ರೂ ತಗೋತಾರೆ.

ನಿಮ್ಮ ಮೊಮ್ಮಗ ಕೊಟ್ಟಿರೋದು ಕರ್ಲಿಂಗ್ ನಾಣ್ಯ, ಇಡೀ ಸರಣಿಯ ಮೊದಲನೇದು. ವ್ಯಾಂಕೂವರ್‌ನಲ್ಲಿ 2010ರ ಫೆಬ್ರವರಿ 12ರಿಂದ 28ರ ತನಕ ಚಳಿಗಾಲದ ಒಲಿಂಪಿಕ್ಸ್ ನಡೀತು, ಆಮೇಲೆ ಮಾರ್ಚ್‌ನಲ್ಲಿ ಪ್ಯಾರಾಲಿಂಪಿಕ್ಸ್. ಅದಕ್ಕೆ ಮೂರು ವರ್ಷ ಮುಂಚೆಯಿಂದಲೇ, ಅಂದ್ರೆ 2007ರಿಂದಲೇ ರಾಯಲ್ ಕೆನಡಿಯನ್ ಮಿಂಟ್, ಅಂದ್ರೆ ಅಲ್ಲಿನ ಟಂಕಸಾಲೆಯವರು ಒಂದೊಂದೇ ಆಟದ ನಾಣ್ಯ ಬಿಡುಗಡೆ ಮಾಡ್ತಾ ಬಂದ್ರು. ಒಟ್ಟು 17. ಅದ್ರಲ್ಲಿ 15 ಕ್ವಾರ್ಟರ್, ಮಿಕ್ಕ ಎರಡು ಒಂದು ಡಾಲರ್ ನಾಣ್ಯ. 2007ರಲ್ಲಿ ಕರ್ಲಿಂಗ್, ಐಸ್ ಹಾಕಿ, ವೀಲ್‌ಚೇರ್ ಕರ್ಲಿಂಗ್, ಬಯಾಥ್ಲಾನ್, ಆಲ್ಪೈನ್ ಸ್ಕೀಯಿಂಗ್ ಬಂದ್ವು. ಮಾರನೇ ವರ್ಷ ಸ್ನೋಬೋರ್ಡಿಂಗ್, ಫ್ರೀಸ್ಟೈಲ್ ಸ್ಕೀಯಿಂಗ್, ಫಿಗರ್ ಸ್ಕೇಟಿಂಗ್, ಬಾಬ್‌ಸ್ಲೇ. ಆಮೇಲೆ ಸ್ಪೀಡ್ ಸ್ಕೇಟಿಂಗ್, ಕ್ರಾಸ್ ಕಂಟ್ರಿ ಸ್ಕೀಯಿಂಗ್, ಸ್ಲೆಡ್ಜ್ ಹಾಕಿ (ಜಾರುಗಾಡಿ ಮೇಲೆ ಕೂತು ಆಡೋ ಐಸ್ ಹಾಕಿ). ಜೊತೆಗೆ ಹಿಂದಿನ ಒಲಿಂಪಿಕ್ಸ್‌ಗಳಲ್ಲಿ ಕೆನಡಾ ಗೆದ್ದ ಮೂರು ದೊಡ್ಡ ಗಳಿಗೆಗಳಿಗೆ ಮೂರು.

ಇನ್ನು ಕರ್ಲಿಂಗ್ ಅಂದ್ರೇನು ಅಂತ ಕೇಳ್ತೀರಿ. ಉದ್ದನೆ ಐಸ್ ಹಾಸಿನ ಮೇಲೆ ಹತ್ತಿರ ಹತ್ತಿರ 20 ಕೆಜಿ ತೂಗೋ ಗ್ರಾನೈಟ್ ಕಲ್ಲನ್ನ ಜಾರಿಸಿ ಬಿಡ್ತಾರೆ, ಆ ತುದಿಯಲ್ಲಿ ಬರೆದಿರೋ ವೃತ್ತದ ನಡುವೆ ಅದು ಹೋಗಿ ನಿಲ್ಲಬೇಕು. ಎದುರಾಳಿ ಕಲ್ಲು ಅಲ್ಲಿ ಕೂತಿದ್ರೆ ಕೇರಂ ಕಾಯಿ ಹೊಡೆದ ಹಾಗೆ ಹೊಡೆದು ಆಚೆ ತಳ್ಳಬಹುದು. ಕಲ್ಲು ಹೋಗ್ತಿರೋವಾಗ ಇಬ್ಬರು ಅದ್ರ ಮುಂದೆ ಮುಂದೆ ಓಡ್ತಾ ಬ್ರಷ್‌ನಿಂದ ಐಸ್ ಉಜ್ಜುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗತ್ತೆ, ಡೊಂಕೂ ಕಮ್ಮಿ ಆಗತ್ತೆ. ಒಲಿಂಪಿಕ್ಸ್‌ಗೆ ಆ ಕಲ್ಲು ಬರೋದು ಸ್ಕಾಟ್ಲೆಂಡ್ ಪಕ್ಕದ ಏಲ್ಸಾ ಕ್ರೇಗ್ ಅನ್ನೋ ಪುಟ್ಟ ದ್ವೀಪದಿಂದ.

ಈ ಸರಣಿಯಲ್ಲಿ ನಂಗೆ ತುಂಬಾ ಇಷ್ಟ ಆಗೋದು ಏನಂದ್ರೆ, ಇದನ್ನ ವೆಲ್ವೆಟ್ ಡಬ್ಬಿಯಲ್ಲಿ ಹಾಕಿ ಹತ್ತು ಪಟ್ಟು ರೇಟಿಗೆ ಮಾರಲಿಲ್ಲ. ಆರ್‌ಬಿಸಿ ಬ್ಯಾಂಕಿನ ಶಾಖೆಗಳಲ್ಲಿ, ಪೆಟ್ರೋ ಕೆನಡಾ ಬಂಕ್‌ಗಳಲ್ಲಿ ಮಾಮೂಲಿ ಚಿಲ್ಲರೆ ಥರ ಕೊಟ್ರು. ಕ್ವಾರ್ಟರ್‌ಗಳಲ್ಲಿ ಒಂದೊಂದು ಡಿಸೈನ್ ಎರಡು ಕೋಟಿಗೂ ಮೀರಿ ಹೊಡೆಸಿದ್ರು. ಪೆಟ್ರೋಲ್ ಹಾಕಿಸೋಕೆ ನಿಂತ ಟ್ರಕ್ ಡ್ರೈವರ್‌ಗೂ, ಕಾಫಿ ತಗೊಂಡ ಕಾಲೇಜ್ ಹುಡುಗಿಗೂ ಅದು ತಾನಾಗೇ ಕೈಗೆ ಬಂತು. ಸ್ಮರಣಾರ್ಥ ನಾಣ್ಯ ಅಂದ್ರೆ ಹೀಗೇ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ನೆನಪು ಎಲ್ರಿಗೂ ಸೇರಿದ್ದಾದ್ರೆ ನಾಣ್ಯನೂ ಎಲ್ರ ಕೈಗೂ ಸಿಗಬೇಕು.

ಪ್ರಶ್ನೆ: ಸರ್ ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದೀನಿ. ಒಂದೇ ಬೆಲೆಗೆ ಹದಿನೈದು ಥರ ಚಿತ್ರ ಇದ್ರೆ ವೆಂಡಿಂಗ್ ಮಷೀನ್, ಪಾರ್ಕಿಂಗ್ ಮೀಟರ್ ಎಲ್ಲ ಕನ್‌ಫ್ಯೂಸ್ ಆಗಲ್ವಾ? (ಮೈಸೂರಿನ ವಿದ್ಯಾರ್ಥಿ)

ಉತ್ತರ: ಒಳ್ಳೇ ಪ್ರಶ್ನೆ. ಆಗಲ್ಲ, ಯಾಕಂದ್ರೆ ಮಷೀನ್ ಚಿತ್ರ ನೋಡೋದೇ ಇಲ್ಲ. ಅದು ನೋಡೋದು ವ್ಯಾಸ, ದಪ್ಪ, ತೂಕ, ಇನ್ನು ನಾಣ್ಯ ಒಳಗೆ ಜಾರೋವಾಗ ಅಲ್ಲಿರೋ ಕಾಯಿಲ್‌ನಲ್ಲಿ ಆಗೋ ವಿದ್ಯುತ್ಕಾಂತೀಯ ಬದಲಾವಣೆ. ಕೆನಡಾದ ಕ್ವಾರ್ಟರ್ 2000ದಿಂದ ಈಚೆಗೆ ಸ್ಟೀಲ್‌ದು. ಸ್ಟೀಲ್ ಬಿಲ್ಲೆಯ ಮೇಲೆ ನಿಕ್ಕಲ್, ಅದ್ರ ಮೇಲೆ ತಾಮ್ರ, ಮತ್ತೆ ಮೇಲೆ ನಿಕ್ಕಲ್ ಹೀಗೆ ಪದರ ಪದರವಾಗಿ ಎಲೆಕ್ಟ್ರೋಪ್ಲೇಟಿಂಗ್ ಮಾಡಿರ್ತಾರೆ. ಲೆಕ್ಕ ಹಾಕಿದ್ರೆ 94 ಭಾಗ ಸ್ಟೀಲ್, 3.8 ಭಾಗ ತಾಮ್ರ, 2.2 ಭಾಗ ನಿಕ್ಕಲ್. ತೂಕ 4.4 ಗ್ರಾಂ, ವ್ಯಾಸ 23.88 ಮಿಮೀ. ಪದರದ ದಪ್ಪ ಬದಲಾಯಿಸಿದ್ರೆ ಮಷೀನ್‌ಗೆ ಸಿಗೋ ಸಿಗ್ನಲ್ಲೂ ಬದಲಾಗತ್ತೆ, ಹಾಗಾಗಿ ಬರೀ ಸೈಜ್ ನೋಡಿ ಮಾಡಿದ ಖೋಟಾ ನಾಣ್ಯ ಅಲ್ಲಿ ಸಿಕ್ಕಿಬೀಳತ್ತೆ.

ಒಲಿಂಪಿಕ್ಸ್ ಕ್ವಾರ್ಟರ್‌ಗಳನ್ನೂ ಇದೇ ಬಿಲ್ಲೆಯಲ್ಲಿ, ಇದೇ ತೂಕಕ್ಕೆ ಹೊಡೆದಿದ್ದು. ಅಚ್ಚು ಮಾತ್ರ ಬೇರೆ. ಸಾಮಾನ್ಯ ಕ್ವಾರ್ಟರ್ ಮೇಲೆ 1937ರಿಂದ ಕ್ಯಾರಿಬೂ ಅನ್ನೋ ಕೊಂಬಿನ ಜಿಂಕೆಯ ತಲೆ ಇದೆಯಲ್ಲ, ಆ ಜಾಗದಲ್ಲಿ ಆಟಗಾರ ಬಂದ ಅಷ್ಟೇ. ನಿಮ್ಮತ್ರ ಒಂದಿದ್ರೆ ಮ್ಯಾಗ್ನೆಟ್ ಹಿಡಿದು ನೋಡಿ, ಟಕ್ ಅಂತ ಅಂಟ್ಕೊಳತ್ತೆ. ಅಂಟದೇ ಹೋದ್ರೆ ಅದನ್ನ ಅನುಮಾನಿಸಿ.

ಪ್ರಶ್ನೆ: ನಾನು ಗಾಲಿಕುರ್ಚಿ ಬಳಸ್ತೀನಿ, ನಾಣ್ಯ ಸಂಗ್ರಹ ನನ್ನ ಹಳೇ ಹವ್ಯಾಸ. ಪ್ಯಾರಾಲಿಂಪಿಕ್ಸ್‌ನೂ ಚಲಾವಣೆ ನಾಣ್ಯದ ಮೇಲೆ ಹಾಕಿದಾರೆ ಅಂತ ಕೇಳಿದೀನಿ, ಅದ್ರ ಬಗ್ಗೆ ಸ್ವಲ್ಪ ಹೇಳ್ತೀರಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಖಂಡಿತ ಹೇಳ್ತೀನಿ, ಇಡೀ ಸರಣಿಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡೋದು ಅದನ್ನೇ. ಎರಡು ಇವೆ, ವೀಲ್‌ಚೇರ್ ಕರ್ಲಿಂಗ್ ಒಂದು, ಸ್ಲೆಡ್ಜ್ ಹಾಕಿ ಇನ್ನೊಂದು. ವೀಲ್‌ಚೇರ್ ಕರ್ಲಿಂಗ್ ನಾಣ್ಯವನ್ನ ಕೊನೆಗೆ ಸೇರಿಸಿದ್ದಲ್ಲ ಅನ್ನೋದನ್ನ ಗಮನಿಸಿ, 2007ರ ಮೊದಲ ಐದರಲ್ಲೇ ಇತ್ತು. ಅದೇ ಬೆಲೆ, ಅದೇ ಬಂಕ್, ಅದೇ ಬ್ಯಾಂಕು. ರಾಣಿ ಮುಖದ ಕಡೆ ಒಲಿಂಪಿಕ್ಸ್ ಚಿಹ್ನೆ ಬದಲು ಪ್ಯಾರಾಲಿಂಪಿಕ್ಸ್ ಚಿಹ್ನೆ ಹಾಕಿದ್ರು.

ಈ ಆಟದಲ್ಲಿ ಐಸ್ ಉಜ್ಜೋರು ಇರಲ್ಲ. ಕುರ್ಚಿ ಮೇಲೆ ಕೂತೇ, ಬೇಕಾದ್ರೆ ಒಂದು ಉದ್ದನೆ ಕೋಲಿನಿಂದ ಕಲ್ಲನ್ನ ತಳ್ತಾರೆ, ಕೈಬಿಟ್ಟ ಮೇಲೆ ಅದನ್ನ ತಿದ್ದೋಕೆ ಅವಕಾಶ ಇಲ್ಲ, ಹಾಗಾಗಿ ಕೈಯಳತೆ ಎಷ್ಟು ಪಕ್ಕಾ ಇರಬೇಕು ಯೋಚನೆ ಮಾಡಿ. ಕೆನಡಾ ಈ ಆಟದಲ್ಲಿ 2006ರಲ್ಲಿ ಚಿನ್ನ ಗೆದ್ದಿತ್ತು, 2010ರಲ್ಲಿ ತನ್ನ ನೆಲದಲ್ಲೇ ಮತ್ತೆ ಗೆದ್ದಿತು, 2014ರಲ್ಲಿ ಮೂರನೇ ಸಲ.

ನೀವು ಸಂಗ್ರಹಕಾರರು ಅಂದಿದ್ದಕ್ಕೆ ಇನ್ನೊಂದು ವಿಷಯ. ವೀಲ್‌ಚೇರ್ ಕರ್ಲಿಂಗ್ ನಾಣ್ಯಗಳಲ್ಲಿ ಕೆಲವಕ್ಕೆ ರಾಣಿ ಕಡೆಯ ಅಚ್ಚು ತಪ್ಪಾಗಿ ಬಿದ್ದಿದೆ. ಪ್ಯಾರಾಲಿಂಪಿಕ್ಸ್ ಚಿಹ್ನೆ ಇರಬೇಕಾದ ಕಡೆ ಒಲಿಂಪಿಕ್ಸ್ ಚಿಹ್ನೆ ಇದೆ. ಎರಡು ಬೇರೆ ಬೇರೆ ನಾಣ್ಯದ ಅಚ್ಚು ಹೀಗೆ ಜೊತೆಯಾದ್ರೆ ಅದಕ್ಕೆ ಮ್ಯೂಲ್ ಅಂತಾರೆ. ಚಲಾವಣೆಯಲ್ಲಿ ಸಿಕ್ಕ ವ್ಯಾಂಕೂವರ್ ನಾಣ್ಯಗಳಲ್ಲಿ ಮುಖಬೆಲೆಗಿಂತ ನಿಜವಾಗ್ಲೂ ಜಾಸ್ತಿ ಬೆಲೆ ಇರೋ ಬೆರಳೆಣಿಕೆಯವುಗಳಲ್ಲಿ ಇದೂ ಒಂದು. ನಿಮ್ಮತ್ರ ಇರೋದನ್ನ ಲೆನ್ಸ್ ಇಟ್ಟು ನೋಡಿ, ಐದು ರಿಂಗ್ ಕಂಡ್ರೆ ಜೋಪಾನವಾಗಿ ಎತ್ತಿಡಿ.

ಪ್ರಶ್ನೆ: ನಾವು ಮಿಸ್ಸಿಸಾಗಾದಲ್ಲಿ ಇರೋದು, ಊರು ಹಾಸನ ಕಡೆ. ಮಗ ಸ್ಕೂಲಲ್ಲಿ ಕೇಳ್ಕೊಂಡು ಬಂದ, ಹಾಕಿ ಆಡೋ ಐಸ್ ಒಳಗೆ ಯಾರೋ ಒಂದು ಡಾಲರ್ ಬಚ್ಚಿಟ್ಟಿದ್ರು ಅದ್ರಿಂದ ಕೆನಡಾ ಗೆದ್ದಿತು ಅಂತ. ಲಕ್ಕಿ ಲೂನಿ ಅಂತಾರಂತೆ. ನಿಜನಾ ಇಲ್ಲ ಕಟ್ಟುಕಥೆನಾ? (ಕೆನಡಾದಿಂದ ಓದುಗ ದಂಪತಿ)

ಉತ್ತರ: ಲೂನಿ ಅಂದ್ರೆ ಅಲ್ಲಿನ ಒಂದು ಡಾಲರ್ ನಾಣ್ಯದ ಅಡ್ಡಹೆಸರು, ಮೇಲಿರೋ ಲೂನ್ ಹಕ್ಕಿಯಿಂದ ಬಂದಿದ್ದು. ಆ ನಾಣ್ಯ ಬಚ್ಚಿಟ್ಟಿದ್ದು ನೂರಕ್ಕೆ ನೂರು ನಿಜ. ಗೆಲುವಿನ ಕ್ರೆಡಿಟ್ಟು ಮಾತ್ರ ಆಟಗಾರರಿಗೇ ಕೊಡೋಣ.

ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಕೆನಡಾದಲ್ಲಿ ಹಾಕಿ ಅಂದ್ರೆ ಐಸ್ ಹಾಕಿನೇ, ಬೇರೆ ವಿವರಣೆ ಬೇಡ. ಹಾಗಿದ್ರೂ ಒಲಿಂಪಿಕ್ಸ್‌ನಲ್ಲಿ ಅವರ ಗಂಡಸರ ತಂಡ 1952ರ ನಂತರ ಚಿನ್ನ ಗೆದ್ದಿರಲಿಲ್ಲ. 1998ರಲ್ಲಿ ನಗಾನೊದಲ್ಲಿ ದೊಡ್ಡ ದೊಡ್ಡ ಸ್ಟಾರ್‌ಗಳನ್ನೇ ಕಳಿಸಿದ್ರೂ ನಾಲ್ಕನೇ ಸ್ಥಾನ. ಅದೇ ವರ್ಷ ಮೊದಲ ಸಲ ಹೆಂಗಸರ ಹಾಕಿ ಸೇರಿಸಿದ್ರು, ಅದರ ಫೈನಲ್‌ನಲ್ಲೂ ಅಮೆರಿಕ ಎದುರು ಸೋತ್ರು. ಆ ನೋವು ಹೊತ್ಕೊಂಡೇ 2002ರಲ್ಲಿ ಸಾಲ್ಟ್ ಲೇಕ್ ಸಿಟಿಗೆ ಹೋಗಿದ್ದು.

ಅಲ್ಲಿ ಐಸ್ ತಯಾರು ಮಾಡೋ ತಂಡದಲ್ಲಿ ಎಡ್ಮಂಟನ್‌ನ ಟ್ರೆಂಟ್ ಇವಾನ್ಸ್ ಇದ್ರು. ಹಾಕಿ ಅಂಕಣದ ಐಸ್ ಒಂದೇ ಸಲಕ್ಕೆ ಆಗೋದಲ್ಲ, ತಣ್ಣಗೆ ಮಾಡಿದ ನೆಲದ ಮೇಲೆ ತೆಳ್ಳಗೆ ನೀರು ಬಿಡ್ತಾ ಪದರ ಪದರವಾಗಿ ಕಟ್ತಾರೆ. ಅಂಕಣದ ನಟ್ಟನಡುವಿನ ಜಾಗಕ್ಕೆ ಗುರುತು ಬೇಕಿತ್ತು, ಇವರು ಮೊದಲು ಹತ್ತು ಸೆಂಟ್ ಇಟ್ರು, ಆಮೇಲೆ ಅದ್ರ ಮೇಲೆ ಒಂದು ಡಾಲರ್ ನಾಣ್ಯ ಇಟ್ಟು ನೀರು ಬಿಟ್ಟು ಮುಚ್ಚಿದ್ರು. ತಮ್ಮ ದೇಶದ ತಂಡಕ್ಕೆ ಒಂದು ಶುಭ ಆಗಲಿ ಅಂತ. ಕೆನಡಾ ತಂಡದವರ ಕಿವಿಗೆ ಮಾತ್ರ ಸುದ್ದಿ ಹಾಕಿದ್ರು, ಬೇರೆ ಯಾರಿಗೂ ಗೊತ್ತಾಗಬಾರದು ಅಂತ ಗುಟ್ಟಾಗಿ ಇಟ್ರು. ಫೆಬ್ರವರಿ 21ಕ್ಕೆ ಹೆಂಗಸರು ಅಮೆರಿಕವನ್ನ 3-2ರಿಂದ ಸೋಲಿಸಿದ್ರು. 24ಕ್ಕೆ ಗಂಡಸರು ಅದೇ ಅಮೆರಿಕವನ್ನ 5-2ರಿಂದ. ಐವತ್ತು ವರ್ಷದ ಕಾಯುವಿಕೆ ಮುಗೀತು! ತಂಡದ ಉಸ್ತುವಾರಿ ಹೊತ್ತಿದ್ದ ವೇಯ್ನ್ ಗ್ರೆಟ್ಸ್‌ಕಿ ಆ ನಾಣ್ಯವನ್ನ ಪತ್ರಕರ್ತರ ಮುಂದೆ ತೋರಿಸಿದಾಗಲೇ ಜಗತ್ತಿಗೆ ಗೊತ್ತಾಗಿದ್ದು. ಈಗ ಅದು ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದೆ, ಮಿಸ್ಸಿಸಾಗಾದಿಂದ ದೂರ ಏನಲ್ಲ, ಒಂದು ಭಾನುವಾರ ಮಗನನ್ನ ಕರ್ಕೊಂಡು ಹೋಗಿ ಬನ್ನಿ.

ಆಮೇಲೆ ಟಂಕಸಾಲೆಯವರು 2004ರಿಂದ ಒಲಿಂಪಿಕ್ಸ್ ಇರೋ ವರ್ಷಗಳಲ್ಲಿ ಲಕ್ಕಿ ಲೂನಿ ಅಂತ ಚಲಾವಣೆಗೇ ಬಿಡೋಕೆ ಶುರು ಮಾಡಿದ್ರು. ವ್ಯಾಂಕೂವರ್ ಸರಣಿಯ ಒಂದು ಡಾಲರ್‌ನ ಆ ಎರಡು ನಾಣ್ಯಗಳು, 2008ರದು 2010ರದು, ಇವೇ. 2010ರದ್ರ ಮೇಲೆ ಕಲ್ಲು ಪೇರಿಸಿ ನಿಲ್ಲಿಸಿದ ಮನುಷ್ಯಾಕಾರ ಇದೆ, ಇನುಕ್ಷುಕ್ ಅಂತಾರೆ, ಉತ್ತರದ ಇನುಯಿಟ್ ಜನ ದಾರಿ ತೋರೋಕೆ ನಿಲ್ಲಿಸೋ ಕಲ್ಲಿನ ಗುರುತು. ವ್ಯಾಂಕೂವರ್ ಒಲಿಂಪಿಕ್ಸ್ ಲಾಂಛನನೂ ಅದೇ.

ಲೂನಿ ಬಗ್ಗೆ ಹೇಳ್ತಾ ಇರೋವಾಗ ಇದನ್ನೂ ಹೇಳಿಬಿಡ್ತೀನಿ, ನಿಮ್ಮ ಮಗನಿಗೆ ಖಂಡಿತ ಇಷ್ಟ ಆಗತ್ತೆ. 1987ರಲ್ಲಿ ಬಂದ ಒಂದು ಡಾಲರ್ ನಾಣ್ಯದ ಮೇಲೆ ಲೂನ್ ಹಕ್ಕಿ ಬರಬೇಕು ಅಂತ ಮೊದಲು ಇರಲೇ ಇಲ್ಲ, ಹಳೇ ಡಾಲರ್ ಮೇಲಿದ್ದ ದೋಣಿಯ ಚಿತ್ರವನ್ನೇ ಮುಂದುವರೆಸೋದು ಅಂತ ಇತ್ತು. 1986ರ ನವೆಂಬರ್‌ನಲ್ಲಿ ಅದ್ರ ಮೂಲ ಅಚ್ಚುಗಳನ್ನ ರಾಜಧಾನಿ ಒಟ್ಟಾವಾದಿಂದ ವಿನ್ನಿಪೆಗ್‌ಗೆ ಕಳಿಸಿದಾಗ ದಾರಿಯಲ್ಲೇ ಕಳೆದುಹೋದ್ವು. ಸಿಕ್ಕವರು ಯಾರಾದ್ರೂ ಖೋಟಾ ನಾಣ್ಯ ಹೊಡೆದ್ರೆ ಏನು ಗತಿ ಅಂತ ಡಿಸೈನನ್ನೇ ಬದಲಾಯಿಸಿದ್ರು, ರಾಬರ್ಟ್ ರಾಲ್ಫ್ ಕಾರ್ಮೈಕಲ್ ಬಿಡಿಸಿದ್ದ ಲೂನ್ ಹಕ್ಕಿ ಬಂತು. ಇವತ್ತು ಕೆನಡಾದ ಗುರುತೇ ಆಗಿರೋ ಆ ಹಕ್ಕಿ, ಒಂದು ಪಾರ್ಸಲ್ ಕಳೆದಿದ್ದಕ್ಕೆ ನಾಣ್ಯದ ಮೇಲೆ ಬಂದು ಕೂತಿದೆ.

ಪ್ರಶ್ನೆ: ನನ್ನತ್ರ ಇರೋ ಒಂದು ಕ್ವಾರ್ಟರ್ ಮೇಲೆ ಕೆಂಪು ಬಣ್ಣ ಇದೆ, 2009. ಫ್ರೆಂಡ್ ಅದು ಯಾರೋ ಪೇಂಟ್ ಬಳಿದಿರೋದು ಅಂತಾನೆ. (ಬಳ್ಳಾರಿ)

ಉತ್ತರ: ಪೇಂಟ್ ಬಳಿದಿದ್ದಲ್ಲ, ಟಂಕಸಾಲೆಯಲ್ಲೇ ಹಾಕಿರೋ ಬಣ್ಣ. ಮೊದಲನೇ ಉತ್ತರದಲ್ಲಿ ಮೂರು ದೊಡ್ಡ ಗಳಿಗೆ ಅಂದೆನಲ್ಲ, ಅವೇ ಇವು. ಯಾವ ಮೂರು ಅಂತ ಕೆನಡಾದ ಜನರ ಹತ್ರನೇ ವೋಟ್ ಹಾಕಿಸಿದ್ರು. 2002ರ ಗಂಡಸರ ಹಾಕಿ ಚಿನ್ನ, 2002ರ ಹೆಂಗಸರ ಹಾಕಿ ಚಿನ್ನ, ಇನ್ನೊಂದು ಸ್ಪೀಡ್ ಸ್ಕೇಟರ್ ಸಿಂಡಿ ಕ್ಲಾಸೆನ್. ಈಕೆ 2006ರ ಟುರಿನ್ ಒಲಿಂಪಿಕ್ಸ್ ಒಂದರಲ್ಲೇ ಐದು ಪದಕ ತಂದವರು. ಹುಟ್ಟಿದ್ದು ವಿನ್ನಿಪೆಗ್‌ನಲ್ಲಿ, ಕೆನಡಾದ ಚಲಾವಣೆ ನಾಣ್ಯ ತಯಾರಾಗೋ ಕಾರ್ಖಾನೆ ಇರೋದೂ ಅದೇ ವಿನ್ನಿಪೆಗ್‌ನಲ್ಲಿ. ತಮ್ಮೂರ ಹುಡುಗಿಯ ಚಿತ್ರವನ್ನ ಆ ಊರಿನ ಕೆಲಸಗಾರರೇ ಕೋಟಿಗಟ್ಟಲೆ ಅಚ್ಚು ಹಾಕಿದ್ದು ಅಂತ ನೆನೆದ್ರೆ ನಂಗೆ ಬಹಳ ಖುಷಿಯಾಗತ್ತೆ.

ಈ ಮೂರರಲ್ಲೂ ಬಣ್ಣ ಇಲ್ಲದ್ದು ಹೆಚ್ಚು, ಬಣ್ಣ ಇರೋದು ಕಮ್ಮಿ. ಚಲಾವಣೆ ನಾಣ್ಯಕ್ಕೆ ಬಣ್ಣ ಹಾಕೋದ್ರಲ್ಲಿ ಪ್ರಪಂಚಕ್ಕೇ ಮೊದಲಿಗರು ಇವರೇ, 2004ರಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಕೆಂಪು ಪಾಪಿ ಹೂವಿನ ಕ್ವಾರ್ಟರ್ ಬಿಟ್ಟಿದ್ರು. ಅದನ್ನ ಕೆನಡಾಕ್ಕೆ ಹೋಗಿದ್ದ ಅಮೆರಿಕದ ಸೇನೆಯ ಕೆಲವು ಗುತ್ತಿಗೆದಾರರು ನೋಡಿ ಇದೇನೋ ಬೇಹುಗಾರಿಕೆ ಸಾಧನ ಅಂತ ರಿಪೋರ್ಟ್ ಬೇರೆ ಮಾಡಿದ್ರು. 2007ರಲ್ಲಿ ಅದು ಸುದ್ದಿಯಾದಾಗಲೇ ಅವರು ಕಂಡಿದ್ದು ಬರೀ ಹೂವಿನ ಬಣ್ಣ ಅಂತ ಎಲ್ರಿಗೂ ಗೊತ್ತಾಗಿದ್ದು. ನಿಮ್ಮ ಫ್ರೆಂಡ್‌ಗೆ ಈ ಕಥೆ ಹೇಳಿ.

ಬಣ್ಣ ನಾಣ್ಯದ ಮೇಲ್ಮೈಯಲ್ಲಷ್ಟೇ ಇರತ್ತೆ, ಜೇಬಲ್ಲಿ ಓಡಾಡಿ ಓಡಾಡಿ ಸವೆಯತ್ತೆ. ಪೂರ್ತಿ ಬಣ್ಣ ಉಳಿದಿರೋದು ಸಿಕ್ಕಿದ್ರೆ ಬೇರೆ ನಾಣ್ಯಗಳ ಜೊತೆ ಡಬ್ಬಿಗೆ ಹಾಕಿ ಅಲ್ಲಾಡಿಸಬೇಡಿ.

ಪ್ರಶ್ನೆ: ಹುಣಸೆಹಣ್ಣು ಹಾಕಿ ತಿಕ್ಕಬಹುದಾ? ಸ್ವಲ್ಪ ಕಪ್ಪಾಗಿದೆ. (ತಿಪಟೂರು)

ಉತ್ತರ: ಬೇಡ ಬೇಡ ಬೇಡ. ಹುಣಸೆಹಣ್ಣು, ನಿಂಬೆಹಣ್ಣು, ಟೂತ್‌ಪೇಸ್ಟ್, ಪಾತ್ರೆ ತೊಳೆಯೋ ಪುಡಿ ಯಾವುದೂ ಬೇಡ. ಇವು ಪ್ಲೇಟಿಂಗ್ ಇರೋ ನಾಣ್ಯ, ತಿಕ್ಕಿದ್ರೆ ಮೇಲಿನ ಪದರಕ್ಕೇ ಗೀರು ಬೀಳತ್ತೆ, ಆಮೇಲೆ ಒಳಗಿನ ಸ್ಟೀಲ್‌ಗೆ ತುಕ್ಕು. ಜಿಡ್ಡಿದ್ರೆ ಉಗುರುಬೆಚ್ಚನೆ ನೀರಲ್ಲಿ ಒಂದು ತೊಟ್ಟು ಸೋಪ್ ನೀರು ಹಾಕಿ ಅದ್ದಿ ತೆಗೆದು, ಮೆತ್ತನೆ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಜ್ಜಬೇಡಿ, ಒತ್ತಿ ಅಷ್ಟೇ. ಕಪ್ಪಾಗಿರೋದು ಹಾಗೇ ಇರಲಿ.

ಪ್ರಶ್ನೆ: ಇಂಥ ಒಂದು ನಾಣ್ಯ ಲಕ್ಷ ರೂಪಾಯಿಗೆ ತಗೋತೀವಿ ಅಂತ ಒಬ್ಬರು ಮೊಬೈಲಿಗೆ ಮೆಸೇಜ್ ಮಾಡಿದಾರೆ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಬೇಕಂತೆ. ಕಟ್ಟಲಾ? ಮನೆ ಕಡೆ ಸ್ವಲ್ಪ ತಾಪತ್ರಯ ಇದೆ. (ವಿಜಯಪುರ ಜಿಲ್ಲೆಯ ಓದುಗರು)

ಉತ್ತರ: ಒಂದು ರೂಪಾಯಿನೂ ಕಟ್ಟಬೇಡಿ ಅಣ್ಣ. ಕೊಂಡ್ಕೊಳೋನು ದುಡ್ಡು ಕೊಡಬೇಕೇ ಹೊರತು ಮಾರೋನಿಂದ ಕೇಳಬಾರದು. ಹಳೇ ನೋಟು ನಾಣ್ಯದ ಹೆಸರಲ್ಲಿ ಫೀಸ್, ಕಮಿಷನ್, ಟ್ಯಾಕ್ಸ್ ಅಂತ ಕೇಳೋರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ, ತಮ್ಮ ಹೆಸರು ಹೇಳ್ಕೊಂಡು ಬಂದ್ರೂ ನಂಬಬೇಡಿ ಅಂತ. ಆ ನಂಬರ್ ಬ್ಲಾಕ್ ಮಾಡಿ. ಈಗಾಗಲೇ ಬ್ಯಾಂಕ್ ಡೀಟೇಲ್ಸ್ ಏನಾದ್ರೂ ಕೊಟ್ಟಿದ್ರೆ ಈಗಲೇ 1930ಕ್ಕೆ ಫೋನ್ ಮಾಡಿ, ತಡ ಮಾಡಬೇಡಿ.

ನಿಜವಾದ ಬೆಲೆ ಹೇಳ್ತೀನಿ ಕೇಳಿ. ಎರಡು ಕೋಟಿಗೂ ಮೀರಿ ಹೊಡೆದ ನಾಣ್ಯ, ಜೇಬಲ್ಲಿ ಸವೆದಿರೋದು, ಅದಕ್ಕೆ ಮುಖಬೆಲೆನೇ ಬೆಲೆ. ಬಣ್ಣದ್ದು ಫ್ರೆಶ್ ಆಗಿದ್ರೆ ಸ್ವಲ್ಪ ಜಾಸ್ತಿ. ಮೇಲೆ ಹೇಳಿದ ಅಚ್ಚು ತಪ್ಪಿದ ನಾಣ್ಯಕ್ಕೆ ಮಾತ್ರ ಸಂಗ್ರಹಕಾರರು ಕೈಬಿಚ್ಚಿ ಕೊಡ್ತಾರೆ, ಅದೂ ಲಕ್ಷದ ಮಾತಲ್ಲ. ನಿಮ್ಮ ಕಷ್ಟದ ಹೊತ್ತಲ್ಲಿ ಹೀಗೆ ಹೇಳಬೇಕಾಗಿ ಬಂದಿದ್ದು ನಂಗೂ ಬೇಜಾರೇ, ಆದ್ರೆ ಇರೋ ನಾಲ್ಕು ಕಾಸೂ ಹೋಗೋದು ಬೇಡ.

ಪ್ರಶ್ನೆ: ಬೇರೆ ದೇಶಗಳೂ ಚಳಿಗಾಲದ ಆಟಕ್ಕೆ ನಾಣ್ಯ ಮಾಡಿದಾವಲ್ಲ, ನೀವು ಕೆನಡಾ ಒಂದನ್ನೇ ಯಾಕೆ ಇಷ್ಟು ಹೊಗಳ್ತೀರಿ? (ಬೆಂಗಳೂರಿನ ಸಂಗ್ರಹಕಾರರು)

ಉತ್ತರ: ಮಾಡಿದಾವೆ, ಚೆನ್ನಾಗೂ ಇದಾವೆ. 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೆ ಆಸ್ಟ್ರಿಯಾ 50 ಶಿಲ್ಲಿಂಗ್ ಬಿಟ್ಟಿತು, ಗಾಳಿಯಲ್ಲಿ ಹಾರ್ತಿರೋ ಸ್ಕೀ ಜಂಪರ್ ಚಿತ್ರ, ನೋಡೋಕೆ ಎಷ್ಟು ಚೆಂದ ಗೊತ್ತಾ. ಆದ್ರೆ ಅದು ಬೆಳ್ಳಿ. ಬೆಳ್ಳಿ ನಾಣ್ಯ ಕೈಗೆ ಸಿಕ್ಕಿದ್ರೆ ಯಾರಾದ್ರೂ ಬ್ರೆಡ್ ತಗೊಳೋಕೆ ಕೊಡ್ತಾರಾ? 1972ರ ಸಪ್ಪೊರೊಗೆ ಜಪಾನ್ 100 ಯೆನ್ ನಾಣ್ಯ ಮೂರು ಕೋಟಿ ಹೊಡೀತು, ಬೆಳ್ಳಿ ಅಲ್ಲ, ತಾಮ್ರ ನಿಕ್ಕಲ್ ಮಿಶ್ರಣ, ಸಂಖ್ಯೆನೂ ದೊಡ್ಡದು. ಆದ್ರೆ ಮಾಮೂಲಿ 100 ಯೆನ್ 4.8 ಗ್ರಾಂ ಇದ್ರೆ ಇದು 12 ಗ್ರಾಂ, ಅಗಲ 30 ಮಿಮೀ. ಯಾವ ಮಷೀನ್ ತಗೊಳತ್ತೆ ಅದನ್ನ? ನೆನಪಿನ ಕಾಣಿಕೆ ಆಗಿ ಮನೆಯಲ್ಲೇ ಉಳೀತು.

ರಷ್ಯಾ ಸೋಚಿಗೆ 2011ರಿಂದ 2014ರ ತನಕ 25 ರೂಬಲ್ ನಾಣ್ಯ ತಂದ್ರು, ಬೆಟ್ಟದ ಚಿತ್ರ, ಮ್ಯಾಸ್ಕಾಟ್ ಪ್ರಾಣಿಗಳು, ಪಂಜು ಎಲ್ಲ ಸೊಗಸಾಗಿವೆ, ಪ್ಯಾರಾಲಿಂಪಿಕ್ಸ್‌ಗೂ ಒಂದು ಇದೆ, ಅದಕ್ಕೆ ಮೆಚ್ಚುಗೆ. ಆದ್ರೆ ದಿನಬಳಕೆಯಲ್ಲಿ 25 ರೂಬಲ್ ನಾಣ್ಯ ಅಂತ ಇಲ್ಲವೇ ಇಲ್ಲ, ಇರೋದು 1, 2, 5, 10. ಜನ ನೋಡಿದ ತಕ್ಷಣ ಇದು ಸ್ಪೆಷಲ್ ಅಂತ ಎತ್ತಿಟ್ಟುಬಿಟ್ರು.

ಕೆನಡಾಕ್ಕೆ ಸಮ ಅಂತ ನಾನು ಒಪ್ಪೋದು ಇಟಲಿಯದನ್ನ. 2006ರ ಟುರಿನ್‌ಗೆ ಬಂದ 2 ಯೂರೊ. ಸ್ಕೀಯರ್ ಹಿಂದೆ ಆ ಊರಿನ ಎತ್ತರದ ಗೋಪುರ ಮೋಲೆ ಆಂಟೊನೆಲ್ಲಿಯಾನಾ. ಮಾಮೂಲಿ 2 ಯೂರೊದ ಸೈಜು, ಲೋಹ, ತೂಕ, ನಾಲ್ಕು ಕೋಟಿ ನಾಣ್ಯ, ಯೂರೊ ಬಳಸೋ ಎಲ್ಲ ದೇಶದಲ್ಲೂ ನಡೆಯತ್ತೆ. ಇಟಲಿಯಲ್ಲಿ ಹೊಡೆದಿದ್ದು ಪೋರ್ಚುಗಲ್‌ನ ಮೀನು ಅಂಗಡಿಯಲ್ಲೂ ಸಿಗಬಹುದು. ದಿನಾ ಬಳಸೋ ಬೆಲೆ, ದಿನಾ ಬಳಸೋ ಸೈಜು, ಮಷೀನ್‌ಗೂ ಸೇರಬೇಕು ಅನ್ನೋದೇ ನನ್ನ ಅಳತೆಗೋಲು. ಅದ್ರಲ್ಲಿ ಇಟಲಿ ಒಂದು ಡಿಸೈನ್ ಮಾಡ್ತು, ಕೆನಡಾ ಹದಿನೇಳು ಮಾಡ್ತು, ಅದಕ್ಕೇ ಹೊಗಳಿದ್ದು.

ಪ್ರಶ್ನೆ: ಒಲಿಂಪಿಕ್ಸ್ ಪದಕಗಳೂ ಅದೇ ಟಂಕಸಾಲೆಯಲ್ಲಿ ಆಗಿದ್ದಾ? (ಉಡುಪಿಯ ಏಳನೇ ಕ್ಲಾಸ್ ಓದುಗ)

ಉತ್ತರ: ಹೌದು ಪುಟ್ಟ. ಒಟ್ಟಾವಾದಲ್ಲಿರೋ ಅವರ ಕಟ್ಟಡದಲ್ಲಿ 1,014 ಪದಕ ಮಾಡಿದ್ರು, ಒಲಿಂಪಿಕ್ಸ್‌ಗೆ 615, ಪ್ಯಾರಾಲಿಂಪಿಕ್ಸ್‌ಗೆ 399. ಆ ಪದಕಗಳು ಚಪ್ಪಟೆಯಾಗಿರಲಿಲ್ಲ, ಅಲೆ ಥರ ಬಾಗಿದ್ವು. ಅದ್ರ ಮೇಲೆ ಓರ್ಕಾ ತಿಮಿಂಗಿಲದ ದೊಡ್ಡ ಚಿತ್ರದ ಒಂದೊಂದು ತುಣುಕು ಇತ್ತು, ಪ್ಯಾರಾಲಿಂಪಿಕ್ಸ್‌ನದ್ರ ಮೇಲೆ ಕಾಗೆ ಜಾತಿಯ ರೇವನ್ ಹಕ್ಕಿದು. ಹಾಗಾಗಿ ಒಂದು ಪದಕ ಇದ್ದ ಹಾಗೆ ಇನ್ನೊಂದು ಇಲ್ಲ. ಹಳೇ ಕಂಪ್ಯೂಟರ್ ಗಿಂಪ್ಯೂಟರ್ ಸರ್ಕ್ಯೂಟ್ ಬೋರ್ಡ್‌ನಿಂದ ತೆಗೆದ ಲೋಹನೂ ಸ್ವಲ್ಪ ಸೇರಿಸಿದ್ರು. ಅಲ್ಲಿ ಕೆನಡಾ 14 ಚಿನ್ನ ಗೆದ್ದಿತು. ಮೊದಲನೇದು ಫ್ರೀಸ್ಟೈಲ್ ಸ್ಕೀಯಿಂಗ್‌ನಲ್ಲಿ, ಅಲೆಕ್ಸಾಂಡರ್ ಬಿಲೊಡೋದು. ಕೆನಡಾದಲ್ಲಿ ಅದಕ್ಕೆ ಮುಂಚೆ ಎರಡು ಸಲ ಒಲಿಂಪಿಕ್ಸ್ ನಡೆದಿದ್ರೂ, 1976 ಮತ್ತು 1988ರಲ್ಲಿ, ಸ್ವಂತ ನೆಲದಲ್ಲಿ ಒಂದೂ ಚಿನ್ನ ಸಿಕ್ಕಿರಲಿಲ್ಲ ಗೊತ್ತಾ.

ಪ್ರಶ್ನೆ: ನಮ್ಮ ದೇಶದಲ್ಲಿ ಆಟೋಟಕ್ಕೆ ಹೀಗೆ ಚಲಾವಣೆ ನಾಣ್ಯ ಬಂದಿಲ್ವಾ? (ಶಿವಮೊಗ್ಗದ ನಿವೃತ್ತ ಶಿಕ್ಷಕಿ)

ಉತ್ತರ: ಬಂದಿದೆ ಮೇಡಂ. 1982ರ ದೆಹಲಿ ಏಷ್ಯನ್ ಗೇಮ್ಸ್‌ಗೆ 25 ಪೈಸೆ, 2 ರೂಪಾಯಿ ಬಂದಿತ್ತು, ನಿಮ್ಮ ಕೈಯಲ್ಲೂ ಓಡಾಡಿರತ್ತೆ. ಆ 25 ಪೈಸೆ ಈಗ ನಡೆಯಲ್ಲ, 2011ರ ಜೂನ್ ಕೊನೆಗೆ ನಾಲ್ಕಾಣೆ ಚಲಾವಣೆನೇ ನಿಲ್ತಲ್ಲ. 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ 2 ರೂಪಾಯಿ, 5 ರೂಪಾಯಿ ಬಂತು. ಆಟ ಬಿಟ್ಟು ಹೇಳೋದಾದ್ರೆ 2006ರಲ್ಲಿ ಬಸವಣ್ಣನವರ 5 ರೂಪಾಯಿ ಬಂದಿತ್ತು, ನಮ್ಮ ಕಡೆ ಅದನ್ನ ಖರ್ಚು ಮಾಡೋಕೆ ಮನಸ್ಸು ಬರದೇ ದೇವರ ಮನೆಯಲ್ಲಿ ಇಟ್ಟವರನ್ನ ನಾನೇ ಕಂಡಿದೀನಿ.

ಚಳಿಗಾಲದ ಆಟಕ್ಕೆ ನಮ್ಮಲ್ಲೂ ಆಟಗಾರರು ಇದಾರೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಹಿಮಾಚಲದ ಶಿವ ಕೇಶವನ್ ಲೂಜ್ ಅನ್ನೋ ಆಟದಲ್ಲಿ, ಚಿಕ್ಕ ಜಾರುಬಂಡಿ ಮೇಲೆ ಅಂಗಾತ ಮಲಗಿ ಐಸ್ ಇಳಿಜಾರಲ್ಲಿ ಹೋಗೋದು ಅದು, 1998ರಿಂದ 2018ರ ತನಕ ಆರು ಒಲಿಂಪಿಕ್ಸ್ ಆಡಿದ್ರು. ವ್ಯಾಂಕೂವರ್‌ಗೂ ಹೋಗಿದ್ರು, ಅವರ ಜೊತೆ ಇನ್ನಿಬ್ಬರು ಸ್ಕೀ ಆಟಗಾರರು, ಜಮ್ಯಾಂಗ್ ನಮ್‌ಗ್ಯಾಲ್, ತಾಶಿ ಲುಂಡುಪ್. ಕೆನಡಾದ 17ರಲ್ಲೂ ಲೂಜ್ ಇಲ್ಲ, ಅದೊಂದು ಕೊರತೆ ಅಂತಲೇ ಹೇಳ್ತೀನಿ. ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೀತಿದೆ, ನಮ್ಮ 5 ರೂಪಾಯಿ ಮೇಲೆ ಒಂದು ಸ್ಕೀಯರ್ ಬರಲಿ, ಹಳ್ಳಿ ಶಾಲೆ ಮಗು ಅದನ್ನ ನೋಡಿ ಇದ್ಯಾವ ಆಟ ಮಿಸ್ ಅಂತ ನಿಮ್ಮಂಥ ಟೀಚರ್ ಹತ್ರ ಕೇಳಲಿ ಅಂತ ನಂಗೆ ತುಂಬಾ ಆಸೆ.

ಪ್ರಶ್ನೆ: 15 ಕ್ವಾರ್ಟರ್, 2 ಲೂನಿ, ಹೀಗೆ 17ರ ಪೂರ್ತಿ ಸೆಟ್ ಮಾಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡಲಿ? (ಮಂಗಳೂರು)

ಉತ್ತರ: ಕೆನಡಾದಲ್ಲಿ ನೆಂಟರು ಇದ್ರೆ ಮೊದಲು ಅವರಿಗೆ ಹೇಳಿ, ಅವರ ಚಿಲ್ಲರೆಯಲ್ಲಿ ಇನ್ನೂ ಸಿಗತ್ತೆ, ಹಾಗೆ ಸಿಕ್ಕಿದ್ದಕ್ಕೆ ಮುಖಬೆಲೆ ಬಿಟ್ಟು ಬೇರೇನೂ ಖರ್ಚಿಲ್ಲ. ಉಳಿದಿದ್ದಕ್ಕೆ ಬೆಂಗಳೂರಿನ ನಾಣ್ಯ ಮೇಳಗಳಲ್ಲಿ ವಿದೇಶಿ ಚಿಲ್ಲರೆ ರಾಶಿ ಹಾಕ್ಕೊಂಡು ಕೂತಿರ್ತಾರೆ ನೋಡಿ, ಅಲ್ಲಿ ಹುಡುಕಿ, ಬಿಡಿಬಿಡಿಯಾಗಿ ತಗೊಳಿ. ಬಣ್ಣದ ಮೂರನ್ನ ಕೊನೆಗೆ ಇಟ್ಕೊಳಿ. ರಾಣಿ ಮುಖದ ಕಡೆ ವರ್ಷ ನೋಡಿ ಗುರುತು ಹಾಕ್ಕೊಳಿ. ಇಡೋಕೆ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅದು ವರ್ಷ ಕಳೆದ ಹಾಗೆ ಅಂಟಂಟಾಗಿ ಹಸಿರು ಜಿಡ್ಡು ಬಿಡತ್ತೆ, ನಿಮ್ಮ ಕಡೆಯ ಸೆಖೆಗಂತೂ ಬೇಗ ಹಾಳು. ರಟ್ಟಿನ ಕಾಯಿನ್ ಹೋಲ್ಡರ್ ತಗೊಳಿ, ಜೊತೆಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಮಳೆಗಾಲಕ್ಕೆ ಮುಂಚೆ ಅದನ್ನ ಬದಲಾಯಿಸಿ.